ಎತ್ತು ಕಾಯುವವರು ಯಾರು?

ಚಳ್ಳಕೆರೆ ಸೀಮೆಯ ಮ್ಯಾಸಬೇಡ ಸಮುದಾಯದ ಹಟ್ಟಿಯಿಂದ ಬಂದು ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಓದುಗರೊಬ್ಬರು ಹೀಗೆ ಕೇಳಿದ್ದಾರೆ: ‘ಐಸ್‌ಲ್ಯಾಂಡಿನವರು ಹಳೆಯ ದೇವರುಗಳನ್ನು ಮತ್ತೆ ಪೂಜಿಸುತ್ತಿದ್ದಾರಂತೆ. ಪೇಟೆಗಳಲ್ಲಿ ಫೀಸು ಕಟ್ಟಿದರೆ ಎರಡು ದಿನದಲ್ಲಿ ಪೂರ್ವಜರ ಶಕ್ತಿ ಪಡೆಯುವುದನ್ನು ಕಲಿಸುತ್ತಾರಂತೆ. ದೇವರಿಗೆ ಬಿಟ್ಟ ಎತ್ತುಗಳನ್ನು ಸಾಕುವ ನಮ್ಮ ದೇವರ ಎತ್ತಿನ ಪದ್ಧತಿಯನ್ನೂ ಹೀಗೆ ಹೊಸದಾಗಿ ಕಟ್ಟಬಹುದಾ?’

ಐಸ್‌ಲ್ಯಾಂಡಿನವರದೂ ನಿಮ್ಮದೂ ಒಂದೇ ಅಲ್ಲ ಮಾರಾಯರೇ. ಹಳೆಯ ದೇವರುಗಳನ್ನು ಪೂಜಿಸುವ ಅಲ್ಲಿನ ಆಸಾತ್ರು ಸಂಘ ಹುಟ್ಟಿದ್ದು 1972ರಲ್ಲಿ. ಮರುವರ್ಷವೇ ಸರ್ಕಾರದ ಮಾನ್ಯತೆ ಸಿಕ್ಕಿತು. ಅಲ್ಲಿ ಆ ಪೂಜೆ ನಿಂತು ಶತಮಾನಗಳೇ ಕಳೆದಿದ್ದವು. ಹಳೆಯ ಕಾವ್ಯ, ಕಥೆ ಹುಡುಕಿ ಕಟ್ಟಿಕೊಂಡರು. ನಿಮ್ಮದು ನಿಂತೇ ಇಲ್ವಲ್ಲ!

ನಿಮಗೆ ಹತ್ತಿರದ್ದು ಅರುಣಾಚಲದ ದೋನ್ಯಿ–ಪೋಲೋ. ಸೂರ್ಯ, ಚಂದ್ರರ ಹೆಸರಿನ ನಂಬಿಕೆ ಅದು. ಕ್ರೈಸ್ತ ಧರ್ಮಕ್ಕೆ ಮತಾಂತರ ಜಾಸ್ತಿಯಾದಾಗ, 1986ರಲ್ಲಿ, ತಾಲೋಮ್ ರುಕ್ಬೋ ಅವರ ಮುಂದಾಳುತನದಲ್ಲಿ ಅದಕ್ಕೊಂದು ಸಂಘಟನೆ ಬಂತು. ಬಾಯಿಂದ ಬಾಯಿಗೆ ಬರುತ್ತಿದ್ದದ್ದು ಅಕ್ಷರಕ್ಕೆ ಇಳಿಯಿತು. ಗಂಗಿಂಗ್ ಎಂಬ ಮಂದಿರ, ಭಾನುವಾರದ ಪ್ರಾರ್ಥನೆ ಶುರುವಾದವು. ಯಾರನ್ನು ಎದುರಿಸಲು ಹೊರಟರೋ ಅವರ ರೂಪವೇ ಸ್ವಲ್ಪ ಅಂಟಿತು, ನಿಜ. ಆದರೂ ತೀರ್ಮಾನ ಅವರದೇ ಆಗಿತ್ತು. ಅದಕ್ಕೇ ನನಗೆ ತಕರಾರಿಲ್ಲ.

ಫೀಸಿನ ಕ್ಲಾಸುಗಳ ಮಾತು ಬೇರೆ. ಅಮೆರಿಕದ ಮೂಲನಿವಾಸಿಗಳಾದ ಲಕೋಟಾ ಜನ ತಮ್ಮ ಆಚರಣೆಗಳನ್ನು ಮಾರಿಕೊಳ್ಳುವವರ ಮೇಲೆ 1993ರಲ್ಲಿ ಯುದ್ಧವನ್ನೇ ಸಾರಿ ಹೇಳಿಕೆ ಹೊರಡಿಸಿದ್ದರು. ಸುಮ್ನೆ ಬಂದ ಸಿಟ್ಟಲ್ಲ ಅದು.

ಈಗ ನಿಮ್ಮ ಎತ್ತುಗಳಿಗೆ ಬರೋಣ. ಅವನ್ನು ನೊಗಕ್ಕೆ ಹೂಡುವುದಿಲ್ಲ, ಮಾರುವುದಿಲ್ಲ. ಲಾಭ ಕೇಳದೆ ವರ್ಷವಿಡೀ ಸಾಕಬೇಕು. ಬರಗಾಲ ಬಂದರೂ ಅವನ್ನು ಕಾಯುವ ಕಿಲಾರಿ ಅವುಗಳ ಹಿಂದೆ ಅಲೆಯಲೇಬೇಕು. ನನ್ನ ಪ್ರಕಾರ ಪದ್ಧತಿ ಬದುಕಿರುವುದು ಈ ಹೊಣೆಯಲ್ಲಿ. ಶಕ್ತಿ, ತರಂಗ ಎಂಬ ಮಾತುಗಳಲ್ಲಿ ಅಲ್ಲ. ಚಳ್ಳಕೆರೆ ಕಡೆಯ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ಡಿಆರ್‌ಡಿಒ, ಐಐಎಸ್‌ಸಿಯಂಥ ಸಂಸ್ಥೆಗಳ ಬೇಲಿಯೊಳಗೆ ಹೋಯಿತು. ಹುಲ್ಲುಗಾವಲು ಹೋದರೆ ದನ ಮೇಯುವುದೆಲ್ಲಿ? ಈ ಪ್ರಶ್ನೆ ಎತ್ತದ ‘ಪುನರುಜ್ಜೀವನ’ ನನಗೆ ಬೇಡ.

ಇನ್ನೊಂದು. ಹಿರಿಯರು ಮಾಡಿದ್ದೆಲ್ಲ ಉಳಿಯಬೇಕಿಲ್ಲ. ಮುಟ್ಟಾದ ಹೆಣ್ಣುಮಕ್ಕಳನ್ನು ಊರಾಚೆ ಕೂರಿಸುವುದು ನಮ್ಮ ಜಿಲ್ಲೆಯ ಕೆಲವು ಹಟ್ಟಿಗಳಲ್ಲಿ ಇನ್ನೂ ಇದೆ. ಹೊಸದಾಗಿ ಕಟ್ಟುವುದಾದರೆ ಅದನ್ನು ಕೈಬಿಟ್ಟೇ ಕಟ್ಟಿ. ನಿಮ್ಮ ಅಕ್ಕತಂಗಿಯರನ್ನೂ ಕೇಳಿ.

ಅಜ್ಜ ಹಾಡುವ ಪದಗಳನ್ನು ಬರೆದಿಡಲಾ ಎಂದೂ ಕೇಳಿದ್ದೀರಿ. ಖಂಡಿತ ಬರೆದಿಡಿ, ಹಟ್ಟಿಯವರ ಒಪ್ಪಿಗೆ ಪಡೆದು. ಜೊತೆಗೆ ಈ ಬೇಸಿಗೆ ನಿಮ್ಮ ಎತ್ತುಗಳಿಗೆ ಮೇವು ಎಲ್ಲಿಂದ ಬಂತು, ಕಿಲಾರಿಗೆ ಏನು ಸಿಗುತ್ತದೆ, ಅವನ ಮಗ ಆ ಕೆಲಸಕ್ಕೆ ಬರುತ್ತಾನಾ ಎಂದು ವಿಚಾರಿಸಿ ನಮಗೂ ಬರೆಯಿರಿ. ಪತ್ರಿಕೆಯಲ್ಲಿ ಜಾಗ ಇಡುತ್ತೇವೆ.