ಕುದುರೆಮುಖದ ಬೋಳು ಗುಡ್ಡಕ್ಕೆ ಸಸಿ ಬೇಡ

ಪ್ರಶ್ನೆ: ಕುದುರೆಮುಖದ ಎಷ್ಟೋ ಗುಡ್ಡಗಳ ಮೇಲೆ ಮರವೇ ಇಲ್ಲ. ಇದು ಗಣಿಗಾರಿಕೆಯ ಫಲವೇ? ನಮ್ಮ ಕಾಲೇಜಿನ ತಂಡ ಮಳೆಗಾಲದಲ್ಲಿ ಅಲ್ಲಿ ಸಸಿ ನೆಡಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ದಯವಿಟ್ಟು ನೆಡಬೇಡಿ. ಗಣಿ ಅಗೆದ ಜಾಗ ಬೇರೆ, ನೀವು ನೋಡಿದ ಹುಲ್ಲಿನ ಗುಡ್ಡ ಬೇರೆ. ನೆತ್ತಿಯಲ್ಲೂ ಇಳಿಜಾರಿನಲ್ಲೂ ಹುಲ್ಲು, ಎರಡು ಗುಡ್ಡ ಕೂಡುವ ಮಡಿಕೆಯಲ್ಲಿ ದಟ್ಟ ಶೋಲಾ ಕಾಡು: ಈ ಬೆಟ್ಟಗಳ ಸಹಜ ರೂಪವೇ ಇದು. ಗಾಳಿ ಬೀಸುವ ನೆತ್ತಿಯಲ್ಲಿ ಮಣ್ಣು ತೆಳು, ಮಡಿಕೆಯಲ್ಲಿ ಆಳ. ವರ್ಷಕ್ಕೆ 6,000 ಮಿ.ಮೀ. ದಾಟುವ ಮಳೆಗೆ ಆ ತೆಳು ಮಣ್ಣನ್ನು ಹಿಡಿದಿರುವುದು ಹುಲ್ಲಿನ ಬೇರಿನ ಜಾಲ. ಇಳಿದ ನೀರು ಶೋಲಾದಲ್ಲಿ ತಂಗಿ, ಬೇಸಿಗೆಯಲ್ಲೂ ಹಳ್ಳವಾಗಿ ಹರಿಯುತ್ತದೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಇಲ್ಲಿನ ಗಂಗಾಮೂಲದ ಬೆಟ್ಟಸಾಲಿನಲ್ಲಿ.

ಸಸಿಗೆಂದು ಗುಂಡಿ ತೋಡಿದರೆ ಹುಲ್ಲಿನ ಬೇರಿನ ಆ ಜಾಲ ಕಿತ್ತುಹೋಗುತ್ತದೆ. ಸಡಿಲವಾದ ಮಣ್ಣು ಮೊದಲ ದೊಡ್ಡ ಮಳೆಗೇ ಕೆಳಗಿಳಿಯುತ್ತದೆ. ಅಕೇಶಿಯಾ ನೆಟ್ಟರಂತೂ ತೊಂದರೆ ಇನ್ನೂ ಹೆಚ್ಚು. ಅದರ ದರಗು ದಪ್ಪಗೆ ಕೂತು ಹುಲ್ಲನ್ನು ಏಳಗೊಡುವುದಿಲ್ಲ, ಕಾಟಿ ಮತ್ತು ಕಡವೆಗಳ ಮೇವು ಹೋಗುತ್ತದೆ. ಬೆಂಕಿ ಬಿದ್ದ ಮರುವರ್ಷ ನೆಲದಲ್ಲಿದ್ದ ಬೀಜಗಳು ಒಟ್ಟಿಗೇ ಮೊಳೆಯುತ್ತವೆ. ನಿಮ್ಮ ತಂಡಕ್ಕೆ ನಿಜಕ್ಕೂ ದುಡಿಯುವ ಮನಸ್ಸಿದ್ದರೆ ವನ್ಯಜೀವಿ ವಿಭಾಗದ ಅನುಮತಿ ಪಡೆದು ಅಕೇಶಿಯಾ ಕೀಳಲು ಹೋಗಿ. ಮಳೆ ಬಿದ್ದು ನೆಲ ಮೆತ್ತಗಾದಾಗ, ಕಾಂಡ ಹೆಬ್ಬೆರಳಿಗಿಂತ ತೆಳುವಾಗಿರುವ ಸಸಿಯನ್ನು ಬುಡ ಹಿಡಿದು ಬೇರುಸಹಿತ ಎಳೆಯಬೇಕು. ಅದೇ ಜಾಗಕ್ಕೆ ಪ್ರತಿವರ್ಷ ಹೋಗಬೇಕು. ಒಂದು ಸಲ ಕಿತ್ತು ಬಿಟ್ಟರೆ ಉಳಿದ ಬೀಜ ಮತ್ತೆ ಏಳುತ್ತದೆ.

ಪ್ರಶ್ನೆ: ರಾಷ್ಟ್ರೀಯ ಉದ್ಯಾನವಾದ ಮೇಲೂ ಗಣಿ ನಡೆದದ್ದು ಹೇಗೆ?
– ಓದುಗರೊಬ್ಬರು, ಉಡುಪಿ

ಉತ್ತರ: ಘೋಷಣೆ ಎರಡು ಹಂತದಲ್ಲಿ ಆಗುತ್ತದೆ. 1972ರ ವನ್ಯಜೀವಿ ಕಾಯ್ದೆಯ 35ನೇ ಕಲಮಿನಡಿ ಮೊದಲು ಸರ್ಕಾರ ತನ್ನ ಉದ್ದೇಶ ಪ್ರಕಟಿಸುತ್ತದೆ. ಜನರ ಹಕ್ಕುಗಳ ಇತ್ಯರ್ಥವಾದ ಮೇಲೆ ಅಂತಿಮ ಅಧಿಸೂಚನೆ. ಕುದುರೆಮುಖಕ್ಕೆ ಮೊದಲನೆಯದು 1987ರಲ್ಲಿ, ಅಂತಿಮ ಅಧಿಸೂಚನೆ 2001ರಲ್ಲಿ. ನಡುವೆ 14 ವರ್ಷ! ಅಂತಿಮ ಗಡಿಯಿಂದಲೂ ಸುಮಾರು 3,700 ಹೆಕ್ಟೇರನ್ನು ಗಣಿಗೆಂದು ಹೊರಗಿಟ್ಟರು.

ಅದಿರಿನಲ್ಲಿ ಕಬ್ಬಿಣದ ಅಂಶ ಕಡಿಮೆ. ಪುಡಿ ಮಾಡಿ, ಕಬ್ಬಿಣ ಬೇರ್ಪಡಿಸಿ, ನೀರಿನಲ್ಲಿ ಕಲಸಿ ಸುಮಾರು 67 ಕಿ.ಮೀ. ಕೊಳವೆಯಲ್ಲಿ ಪಣಂಬೂರಿಗೆ ಕಳಿಸುತ್ತಿದ್ದರು. ಉಳಿದ ನುಣುಪು ಹೂಳಿಗಾಗಿ ಭದ್ರೆಯ ಉಪನದಿ ಲಕ್ಯಾಕ್ಕೆ ಅಣೆಕಟ್ಟು ಕಟ್ಟಿದರು. ತೆರೆದ ಗಣಿಯ ಮಣ್ಣು ಮಾತ್ರ ಮಳೆಗೆ ಕೊಚ್ಚಿ ಭದ್ರೆ ಸೇರುತ್ತಿತ್ತು. 30 ವರ್ಷದ ಗುತ್ತಿಗೆ 1999ರಲ್ಲಿ ಮುಗಿದರೂ ತಾತ್ಕಾಲಿಕ ಅನುಮತಿಯ ಮೇಲೆ ಕೆಲಸ ಮುಂದುವರಿಯಿತು. ಸುಪ್ರೀಂ ಕೋರ್ಟ್ 2002ರ ಅಕ್ಟೋಬರ್ 30ರಂದು, ಆಗಲೇ ಅಗೆದ ಜಾಗದಲ್ಲಿ ಮಾತ್ರ 2005ರ ಕೊನೆಯವರೆಗೆ ಗಣಿಗಾರಿಕೆ ನಡೆಸಬಹುದೆಂದು ತೀರ್ಪಿತ್ತಿತು. ಗಣಿ ನಿಂತಿದ್ದು ಹಾಗೆ. ಹೂಳು ತುಂಬಿದ ಲಕ್ಯಾ ಕಟ್ಟೆ ಈಗಲೂ ಅಲ್ಲೇ ಇದೆ. ಅದರ ಕೋಡಿ, ಒಸರು ನೀರಿನ ಮೇಲೆ ಪ್ರತಿ ಮಳೆಗಾಲದಲ್ಲೂ ಕಣ್ಣಿಡಲೇಬೇಕು.

ಪ್ರಶ್ನೆ: ಉದ್ಯಾನದೊಳಗೆ ನಮ್ಮ ಮನೆ, ಗದ್ದೆ ಇದೆ. ಖಾಲಿ ಮಾಡಲೇಬೇಕೇ?
– ಓದುಗರೊಬ್ಬರು, ಕಾರ್ಕಳ ತಾಲ್ಲೂಕು

ಉತ್ತರ: 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿಗಳ ಪರಿಶೀಲನೆ ಮುಗಿಯುವವರೆಗೆ ಹಕ್ಕುದಾರರನ್ನು ಒಕ್ಕಲೆಬ್ಬಿಸುವಂತಿಲ್ಲ. ವೈಯಕ್ತಿಕ ಹಕ್ಕಿಗೆ ನಮೂನೆ 'ಎ' ತುಂಬಿ ಗ್ರಾಮದ ಅರಣ್ಯ ಹಕ್ಕು ಸಮಿತಿಗೆ ಕೊಡಿ, ಸ್ವೀಕೃತಿ ಪಡೆಯಿರಿ. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೂ ಮೊದಲಿನ ವಾಸ ತೋರಿಸಿದರೆ ಸಾಕು. ಇತರರು 75 ವರ್ಷದ, ಅಂದರೆ ಮೂರು ತಲೆಮಾರಿನ ವಾಸ ತೋರಿಸಬೇಕು. ಬಹಳ ಅರ್ಜಿಗಳು ಬೀಳುವುದು ಈ ದಾಖಲೆಯಲ್ಲೇ. ಒಂದೇ ಕಾಗದ ನಂಬಬೇಡಿ. ಹಳೆಯ ಕಂದಾಯ ರಸೀದಿ, ಮತದಾರರ ಪಟ್ಟಿ, ಊರ ಹಿರಿಯರ ಲಿಖಿತ ಹೇಳಿಕೆ, ಹಳೆಯ ಬಾವಿ ಅಥವಾ ಸಮಾಧಿಯಂಥ ಗುರುತು: ಕನಿಷ್ಠ ಎರಡು ಬಗೆಯ ಸಾಕ್ಷ್ಯ ಜೋಡಿಸಿ. ಸ್ವಇಚ್ಛೆಯಿಂದ ಹೊರಡುವುದಾದರೂ ಪರಿಹಾರದ ಲೆಕ್ಕ ಬರವಣಿಗೆಯಲ್ಲಿ ಸಿಗದೆ ಸಹಿ ಹಾಕಬೇಡಿ.

ಪ್ರಶ್ನೆ: ಶಿಖರದ ಮೇಲೆ ಟೆಂಟ್ ಹಾಕಬಹುದೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಇಲ್ಲ. ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಮಾಡಿ, ಗುರುತಿನ ಚೀಟಿಯೊಂದಿಗೆ ಮುಳ್ಳೋಡಿಯಿಂದ ಬೆಳಿಗ್ಗೆ ಹೊರಟು ಅಂದೇ ಇಳಿಯಬೇಕು. ಹೋಗಿಬರಲು 20 ಕಿ.ಮೀ.ಗೂ ಹೆಚ್ಚು ನಡಿಗೆ. ಮಧ್ಯಾಹ್ನ ಒಂದರೊಳಗೆ ತುದಿ ಸಿಗದಿದ್ದರೆ ಅಲ್ಲಿಂದಲೇ ತಿರುಗಿ. ಬೇಸಿಗೆಯಲ್ಲಿ ಬೆಂಕಿಯ ಭಯದಿಂದ ದಾರಿ ಮುಚ್ಚುತ್ತಾರೆ, ಹೊರಡುವ ಮುನ್ನ ವಿಚಾರಿಸಿ.