ರೇಷನ್ ನಿಲ್ಲಿಸಿದರೆ ಹೆರಿಗೆ ನಿಲ್ಲುತ್ತದೆಯೇ?

(ದಾವಣಗೆರೆಯ ನಿವೃತ್ತ ಮೇಷ್ಟ್ರೊಬ್ಬರ ಪತ್ರದ ಸಾರ: "ಬಡ ದೇಶಗಳ ಹಸಿವಿಗೆ ಕಾರಣ ಜನಸಂಖ್ಯೆ ಒಂದೇ. 'ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನಾ' ಅಂತ ಹೆರುತ್ತಾ ಹೋಗುತ್ತಾರೆ. ಬಾಂಗ್ಲಾದೇಶವನ್ನೇ ನೋಡಿ. ಎರಡಕ್ಕಿಂತ ಜಾಸ್ತಿ ಮಕ್ಕಳಿದ್ದವರಿಗೆ ರೇಷನ್ ನಿಲ್ಲಿಸಬೇಕು. ನಾವು ಏಳು ಮಕ್ಕಳು. ಕಷ್ಟ ಏನೆಂದು ನನಗೆ ಗೊತ್ತು. ನನಗಿರುವುದು ಇಬ್ಬರೇ.")

ಮೇಷ್ಟ್ರೇ, ನಮಸ್ಕಾರ.

ಬಾಂಗ್ಲಾದೇಶ ನೋಡಿ ಅಂದಿರಿ. ಒಳ್ಳೆಯದೇ ಆಯಿತು, ನೋಡೋಣ.

1974ರಲ್ಲಿ ಬ್ರಹ್ಮಪುತ್ರಾ ಉಕ್ಕಿ ಹರಿಯಿತು. ಹಿಂದೆಯೇ ಕ್ಷಾಮ ಬಂತು. ಸತ್ತವರು ಸುಮಾರು 26 ಸಾವಿರ ಎಂದು ಸರ್ಕಾರ ಹೇಳಿತು. ಬೇರೆಯವರ ಲೆಕ್ಕ ಹತ್ತು ಲಕ್ಷ ದಾಟುತ್ತದೆ. ತಿನ್ನುವ ಬಾಯಿ ಜಾಸ್ತಿ, ಅಕ್ಕಿ ಕಡಿಮೆ, ಅಷ್ಟೇ ಅಲ್ವಾ ಅನ್ನಿಸುತ್ತದೆ. ಆದರೆ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಲೆಕ್ಕ ತೆಗೆದಾಗ ಕಂಡದ್ದೇ ಬೇರೆ. 1971ರಿಂದ 75ರವರೆಗೆ ತಲೆಗೆ ಅತಿ ಹೆಚ್ಚು ಧಾನ್ಯ ಇದ್ದ ವರ್ಷ ಯಾವುದು ಗೊತ್ತೇ? ಅದೇ 1974!

ಹಾಗಾದರೆ ಹಸಿದವರು ಯಾರು? ಎಲ್ಲರಿಗಿಂತ ಹೆಚ್ಚಾಗಿ ಸ್ವಂತ ಜಮೀನಿಲ್ಲದ ಕೂಲಿಗಳು. ನೆರೆ ಬಂದು ಗದ್ದೆ ಕೆಲಸ ನಿಂತಿತು, ಕೂಲಿಯೂ ನಿಂತಿತು. ಮುಂದಿನ ಬೆಳೆ ಹೋಯಿತು ಎಂಬ ಭಯಕ್ಕೇ ಅಕ್ಕಿಯ ಬೆಲೆ ಏರಿತು. ಅದೇ ಹೊತ್ತಿಗೆ, ಕ್ಯೂಬಾಕ್ಕೆ ಸೆಣಬಿನ ಚೀಲ ಮಾರಿದಿರಿ ಎಂದು ತಪ್ಪು ಹಿಡಿದು ಅಮೆರಿಕ ನೆರವಿನ ಧಾನ್ಯವನ್ನು ತಡೆಹಿಡಿಯಿತು. ಅಕ್ಕಿ ಅಂಗಡಿಯಲ್ಲೇ ಇತ್ತು. ಕೊಳ್ಳಲು ಕೂಲಿಯವನ ಹತ್ತಿರ ಕಾಸಿರಲಿಲ್ಲ.

ಆಗ ಅಲ್ಲಿದ್ದವರು ಏಳು ಕೋಟಿ ಚಿಲ್ಲರೆ. ಈಗ ಸುಮಾರು 17 ಕೋಟಿ. ನಿಮ್ಮ ಲೆಕ್ಕದಂತೆ ದೇಶ ಇಷ್ಟರಲ್ಲಿ ಮುಗಿದೇ ಹೋಗಬೇಕಿತ್ತು. ಆದರೆ ಕೊಳವೆ ಬಾವಿ ಬಂದು ಬೇಸಿಗೆ ಬತ್ತ ಹಬ್ಬಿತು. ಒಂದು ಕೋಟಿ ಟನ್ ಆಸುಪಾಸಿನಲ್ಲಿದ್ದ ಅಕ್ಕಿ ಮೂರೂವರೆ ಕೋಟಿ ದಾಟಿತು. ಬಡತನ ಹೋಯಿತು ಅನ್ನುತ್ತಿಲ್ಲ. ಅಂಥ ಕ್ಷಾಮವಂತೂ ಮತ್ತೆ ಬರಲಿಲ್ಲ.

ನಿಮಗೆ ಬೇಕಾದ ವಿಷಯ ಇನ್ನು ಮುಂದಿದೆ. ಆಗ ಅಲ್ಲಿ ಒಬ್ಬ ತಾಯಿಗೆ ಸರಾಸರಿ ಆರಕ್ಕೂ ಹೆಚ್ಚು ಮಕ್ಕಳು. ಈಗ ಎರಡರ ಆಸುಪಾಸು. ಅದು ರೇಷನ್ ಕಿತ್ತುಕೊಂಡು ಆದದ್ದಲ್ಲ. ಹೊಸ್ತಿಲು ದಾಟದ ಹೆಂಗಸರ ಮನೆಗೆ ಹೆಂಗಸರೇ ಗರ್ಭ ತಡೆಯುವ ಮಾತ್ರೆ ಹಿಡಿದು ಹೋದರು. ಜೊತೆಗೆ ಇನ್ನೊಂದು ಕೆಲಸ ನಡೆಯಿತು. ನನಗೆ ಬಹಳ ಇಷ್ಟವಾದದ್ದು ಅದು.

1980ರಿಂದ ಹತ್ತು ವರ್ಷ ಬ್ರಾಕ್ ಎಂಬ ಅಲ್ಲಿನ ಸ್ವಯಂಸೇವಾ ಸಂಸ್ಥೆಯ ಹೆಂಗಸರು ಊರೂರು ಸುತ್ತಿದರು. ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಭೇದಿ ಹತ್ತಿದ ಮಗುವಿಗೆ ಇದನ್ನು ಕಲಸಿ ಕುಡಿಸುವುದು ಹೇಗೆಂದು ಸುಮಾರು 1 ಕೋಟಿ 20 ಲಕ್ಷ ಮನೆಗಳಲ್ಲಿ ಹೇಳಿಕೊಟ್ಟರು. ಕೆಲವು ವಾರ ಬಿಟ್ಟು ಇನ್ನೊಬ್ಬರು ಬಂದು ತಾಯಿಯನ್ನು ಪರೀಕ್ಷೆ ಮಾಡುತ್ತಿದ್ದರು. ತಾಯಿಗೆ ಎಷ್ಟು ನೆನಪಿದೆಯೋ ಅದರ ಮೇಲೆ ಕಲಿಸಿದವಳ ಸಂಬಳ! ನಿಮ್ಮ ಶಾಲೆಯಲ್ಲಿ ಈ ನಿಯಮ ಇದ್ದಿದ್ದರೆ ಮೇಷ್ಟ್ರೇ? ಸುಮ್ನೆ ಕೇಳಿದೆ.

ಭೇದಿಗೆ ಸಾಯುತ್ತಿದ್ದ ಮಕ್ಕಳು ಉಳಿದರು. ಮಕ್ಕಳು ಉಳಿದರೆ ಜನಸಂಖ್ಯೆ ಇನ್ನೂ ಏರುತ್ತದಲ್ಲ ಅನ್ನುತ್ತೀರಿ. ಕೆಲವು ವರ್ಷ ಹೌದು. ಆಮೇಲೆ ಹೆರಿಗೆಯೇ ಇಳಿಯುತ್ತದೆ. ನನ್ನ ಅಜ್ಜಿ ಹೆತ್ತದ್ದು ಹತ್ತು, ಕಣ್ಣ ಮುಂದೆ ಉಳಿದದ್ದು ಐದು. ಅವರು ದೇವರ ಮೇಲೆ ಭಾರ ಹಾಕಿ ಹೆತ್ತವರಲ್ಲ. ದೇವರು ಎಷ್ಟನ್ನು ವಾಪಸ್ ಕರೆದುಕೊಳ್ಳುತ್ತಾನೋ ಎಂಬ ಭಯದಲ್ಲಿ ಹೆತ್ತವರು. ಸರ್ಕಾರವೇ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯುವ ಕೆಲಸವನ್ನು ನಮ್ಮ ಮೈಸೂರು ಸಂಸ್ಥಾನ 1930ರಲ್ಲೇ ಮಾಡಿತ್ತು. ಅಜ್ಜಿಯ ಹಳ್ಳಿಗೆ ಅದರ ಸುದ್ದಿಯೂ ಮುಟ್ಟಲಿಲ್ಲ. ಮುಟ್ಟಿದ್ದರೂ, ಅರ್ಧ ಮಕ್ಕಳನ್ನು ಮಣ್ಣು ಮಾಡಿದವರು ಸಾಕು ಅನ್ನುತ್ತಿದ್ದರೇ?

ಜನಸಂಖ್ಯೆ ಲೆಕ್ಕಕ್ಕೇ ಇಲ್ಲ ಅಂತ ನಾನು ವಾದಿಸುವುದಿಲ್ಲ. ಹೊಲ ಪಾಲಾಗಿ ಪಾಲಾಗಿ ತುಂಡಾಗುವುದನ್ನು ನೀವೂ ಕಂಡಿದ್ದೀರಿ, ನಾನೂ ಕಂಡಿದ್ದೇನೆ. ಆದರೆ ರೇಷನ್ ನಿಲ್ಲಿಸಿದರೆ ಉಪವಾಸ ಬೀಳುವುದು ಹೆತ್ತ ಅಪ್ಪನಲ್ಲ, ಮೂರನೆಯ ಮಗು. ಸೊರಗಿದ ಮಗುವನ್ನು ಭೇದಿ ಬೇಗ ಒಯ್ಯುತ್ತದೆ. ಆಗ ಅದರ ತಾಯಿ ನಾಲ್ಕನೆಯದರ ಯೋಚನೆ ಮಾಡುತ್ತಾಳೆ.

ನೀವು ಏಳು ಜನ, ನಿಮಗೆ ಇಬ್ಬರು ಎಂದು ಬರೆದಿದ್ದೀರಿ. ಏಳು ಎರಡಕ್ಕೆ ಇಳಿಯಿತಲ್ಲ, ಆಗ ನಿಮ್ಮ ಮನೆಯ ರೇಷನ್ ಕಾರ್ಡನ್ನು ಯಾರಾದರೂ ಕಿತ್ತುಕೊಂಡಿದ್ದರೇ?