ಮೇಷ್ಟ್ರನ್ನು ಕೇಳಿ: ಧೋಂಡಿಯಾ ವಾಘ್ ವೀರನೋ, ದರೋಡೆಕೋರನೋ?

ಪ್ರಶ್ನೆ: ಮೇಷ್ಟ್ರೇ, ನಮ್ಮ ಚನ್ನಗಿರಿಯ ಧೋಂಡಿಯಾ ವಾಘ್ ಬಗ್ಗೆ ಮನೆಯಲ್ಲಿ ದಿನಾ ಜಗಳ. ಇಂಗ್ಲಿಷರ ವಿರುದ್ಧ ಹೋರಾಡಿದ ವೀರ ಅಂತಾನೆ ಮಗ. ಲೂಟಿಕೋರ ಅಂತೀನಿ ನಾನು. ನೀವೇ ತೀರ್ಪು ಕೊಡಿ. (ಓದುಗರೊಬ್ಬರು, ಚನ್ನಗಿರಿ)

ಉತ್ತರ: ಯಾರ ಪರ ಹೇಳಿದರೂ ನಿಮ್ಮನೆಯಲ್ಲಿ ನನಗೆ ಕಾಫಿ ಸಿಗೋದಿಲ್ಲ. ಇರಲಿ.

ಮೊದಲು ನಿಮ್ಮ ಪರ ವಾದ. ಧೋಂಡಿಯಾ ಹೈದರಾಲಿಯ ಕುದುರೆ ದಂಡಿನಲ್ಲಿದ್ದವನು. ಟಿಪ್ಪುವಿಗೂ ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ಗೂ ಯುದ್ಧ ನಡೆದಾಗ ದಂಡು ಬಿಟ್ಟು ಧಾರವಾಡ ಸೀಮೆಗೆ ಹೋದ. ಹಾವೇರಿ, ಸವಣೂರು ಕಡೆ ಕೊಳ್ಳೆ ಹೊಡೆದ. ಆಗ ಆ ಸೀಮೆ ಆಳುತ್ತಿದ್ದವರು ಇಂಗ್ಲಿಷರಲ್ಲ, ಮರಾಠರು. ಕಳೆದುಕೊಂಡವರು ಜೋಳ ಬೆಳೆದ ನಮ್ಮ ರೈತರೇ. ಇದನ್ನು ಸ್ವಾತಂತ್ರ್ಯ ಹೋರಾಟ ಅಂತ ನಿಮ್ಮ ಮಗ ಅಂದರೆ ನಾನು ಒಪ್ಪೋದಿಲ್ಲ.

ಆಮೇಲೆ ಟಿಪ್ಪುವಿನ ಹತ್ತಿರ ಬಂದ. ಟಿಪ್ಪು ಅವನನ್ನು ಶ್ರೀರಂಗಪಟ್ಟಣದಲ್ಲಿ ಸೆರೆ ಹಾಕಿಸಿ, ಮತಾಂತರ ಮಾಡಿಸಿದ. 1799ರ ಮೇ 4ರಂದು ಕೋಟೆ ಬಿತ್ತು, ಧೋಂಡಿಯಾ ಹೊರಗೆ ಬಂದ. ಕಥೆ ತಿರುಗೋದು ಇಲ್ಲೇ. ಟಿಪ್ಪುವಿನ ಕುದುರೆ ಸವಾರರಿಗೆ ಯಜಮಾನನೂ ಇಲ್ಲ, ಸಂಬಳವೂ ಇಲ್ಲ. ಅವರೆಲ್ಲ ಇವನ ಬೆನ್ನಿಗೆ ನಿಂತರು. ಬಿದನೂರು, ಶಿಕಾರಿಪುರದ ಕಡೆ ಠಾಣೆ ಹಿಡಿದ. ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯವರು ಓಡಿಸಿದರೆ ತುಂಗಭದ್ರೆ ದಾಟಿ ಮತ್ತೆ ದಂಡು ಕಟ್ಟಿದ. ತನ್ನನ್ನು 'ಉಭಯ ಲೋಕಾಧೀಶ್ವರ' ಅಂತ ಕರೆದುಕೊಂಡ. ಎರಡೂ ಲೋಕಕ್ಕೆ ಒಡೆಯನಂತೆ, ಧೈರ್ಯ ನೋಡಿ!

ಬರೀ ದಾರಿಗಳ್ಳನ ಹಿಂದೆ ಕಂಪನಿ ಇಷ್ಟು ದೊಡ್ಡ ಸೈನ್ಯ ಕಳಿಸುತ್ತಿತ್ತಾ? ಇವನನ್ನು ಹಿಡಿಯೋದಕ್ಕಾಗಿ ಆರ್ಥರ್ ವೆಲ್ಲೆಸ್ಲಿ ಬಟೇವಿಯಾ (ಈಗಿನ ಜಕಾರ್ತ) ದಂಡಯಾತ್ರೆಯ ಅವಕಾಶವನ್ನೇ ಬಿಟ್ಟ. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದನಲ್ಲ, ಅವನೇ. 'ಸಿಕ್ಕ ಮೊದಲ ಮರಕ್ಕೇ ನೇತು ಹಾಕಿ' ಅಂತ ಮೇಲಿನಿಂದ ಆಜ್ಞೆ. ನನಗನ್ನಿಸೋದು ಇಷ್ಟು: ಮರಾಠರ ಸೀಮೆಗೆ ದಂಡು ನುಗ್ಗಿಸೋದಕ್ಕೆ, ರಾಜನ ಮೇಲೆ ಯುದ್ಧ ಅನ್ನೋದಕ್ಕಿಂತ ಕಳ್ಳನನ್ನು ಹಿಡಿಯೋಕೆ ಬಂದಿದ್ದೇವೆ ಅನ್ನೋದು ಸಲೀಸು. ಹಾಗಂತ ಮರಾಠರೇನೂ ಇವನ ಪರ ಇರಲಿಲ್ಲ. ಅವರ ಸರದಾರ ಧೋಂಡೋಪಂತ ಗೋಖಲೆಯನ್ನು ಕೊಂದು, ಹರಕೆ ಹೊತ್ತಂತೆ ಅವನ ರಕ್ತವನ್ನು ಮೀಸೆಗೆ ಬಳಿದುಕೊಂಡ ಅನ್ನೋ ಕಥೆಯಿದೆ.

1800ರ ಜುಲೈ 30ರಂದು ಮಲಪ್ರಭೆಯ ದಂಡೆಯಲ್ಲಿ ಮುನವಳ್ಳಿ ಹತ್ತಿರ ಅವನ ಬಿಡಾರದ ಮೇಲೆ ವೆಲ್ಲೆಸ್ಲಿ ಬಿದ್ದ. ತಪ್ಪಿಸಿಕೊಳ್ಳಲು ಹೊಳೆಗೆ ಇಳಿದ ಎಷ್ಟೋ ಜನ ನೀರುಪಾಲಾದರು. ಸೆಪ್ಟೆಂಬರ್ 10ರಂದು ರಾಯಚೂರು ಕಡೆಯ ಕೋಣಗಲ್‌ನಲ್ಲಿ ಕೊನೆಯ ಕಾದಾಟ. ಧೋಂಡಿಯಾ ಹತ್ತಿರ ಸುಮಾರು 5,000 ಕುದುರೆ. ವೆಲ್ಲೆಸ್ಲಿ ಹತ್ತಿರ ನಾಲ್ಕೇ ಅಶ್ವದಳ, ಕಾಲ್ದಳ ಇನ್ನೂ ಹಿಂದೆಲ್ಲೋ ಇತ್ತು. ನಾಲ್ಕನ್ನೂ ಒಂದೇ ಸಾಲಿಗೆ ನಿಲ್ಲಿಸಿ ತಾನೇ ಮುಂದೆ ನಿಂತು ನುಗ್ಗಿಸಿದ. ಧೋಂಡಿಯಾ ಅಲ್ಲೇ ಸತ್ತ. ಹೆಣವನ್ನು ತೋಪಿನ ಗಾಡಿಗೆ ಕಟ್ಟಿ ಬಿಡಾರಕ್ಕೆ ತಂದರು.

ನನ್ನ ತೀರ್ಪು: ಲೂಟಿಕೋರನಾಗಿ ಶುರು ಮಾಡಿದ, ರಾಜನಾಗಬೇಕು ಅಂತ ಸತ್ತ. ಇಂಗ್ಲಿಷರಿಗೆ ಎದುರು ನಿಂತದ್ದು ನಿಜ, ಆದರೆ ತನ್ನ ಗದ್ದುಗೆಗಾಗಿ. ಮಗನಿಗೆ ಅರ್ಧ ಅಂಕ ಕೊಡಿ.

ಪ್ರಶ್ನೆ: ಧೋಂಡಿಯಾನ ಮಗನನ್ನು ವೆಲ್ಲೆಸ್ಲಿ ಸಾಕಿದನಂತೆ. ನಿಜಾನಾ, ಸುಮ್ನೆ ಕಟ್ಟುಕಥೆಯಾ? (ಓದುಗರೊಬ್ಬರು, ರಾಣೆಬೆನ್ನೂರು)

ಉತ್ತರ: ನಿಜ. ಕೋಣಗಲ್‌ನಲ್ಲಿ ಸಾಮಾನು ಸರಂಜಾಮಿನ ನಡುವೆ ಸುಮಾರು ನಾಲ್ಕು ವರ್ಷದ ಹುಡುಗ ಸಿಕ್ಕಿದ, ಹೆಸರು ಸಲಾಬತ್ ಖಾನ್. ವೆಲ್ಲೆಸ್ಲಿ ತನ್ನ ಡೇರೆಗೇ ಕರೆಸಿಕೊಂಡ. ಇಂಡಿಯಾ ಬಿಡುವಾಗ ಅವನ ಖರ್ಚಿಗೆ ಅಂತ ದುಡ್ಡು ಇಟ್ಟು ಹೋದ. ಹುಡುಗ ದೊಡ್ಡವನಾಗಿ ಮೈಸೂರು ಮಹಾರಾಜರ ಚಾಕರಿಗೆ ಸೇರಿ, 1822ರಲ್ಲಿ ಕಾಲರಾ ಬಂದು ತೀರಿಕೊಂಡ.